ಬ್ರೌಸಿಂಗ್ ಸೆಂಟರಿನಲ್ಲಿ ನಡೆದ ನಾಮಕರಣ ಹಾಗೂ ಸಬ್ ಇನ್‌ಸ್ಪೆಕ್ಟರ್ ಅಮ್ಮನವರ ಬೆನ್ನಿಗೆ ಬಿದ್ದ ಗುದ್ದುಗಳ ಬಗ್ಗೆ

ನಾನು ತಮ್ಮಯ್ಯ, ತಂದೆ ದಿವಂಗತ ಬೋರೇಗೌಡ, ವಯಸ್ಸು ಅರವತ್ತೆಂಟು, ಪೆರಂಬೂರಿನ ರೈಲ್ವೆ ಕಾರ್ಖಾನೆಯ ಕಮ್ಮಾರಶಾಲೆಯಿಂದ ನಿವೃತ್ತನಾದವನು. ಓದು ನಾಲ್ಕನೇ ಕ್ಲಾಸು. ಸ್ವಂತ ಊರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು. ಹಾಲಿ ವಾಸ ಚೆನ್ನೈ, ಪುರಸೈವಾಕ್ಕಂ ಹೈರೋಡಿನ ಹಿಂದಿನ ಸಂದು, ಬಾಗಿಲು ನಂಬರ್ 11. ತಮಿಳು ಮಾತಾಡುತ್ತೇನೆ, ಓದಲು ಬರೆಯಲು ಬಾರದು. ಆದಕಾರಣ ಹೊಸೂರು ಕಡೆಯವರಾದ ಹೆಡ್ ಕಾನ್‌ಸ್ಟೇಬಲ್ ಮುನಿರತ್ನಂ ಅವರು ನಾನು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಯಾರೂ ಹೆದರಿಸಿಲ್ಲ, ಹೆದರಿಸಿದರೆ ಹೆದರುವವನೂ ನಾನಲ್ಲ. ಮನೆಯಲ್ಲಿ ಹೋಳಿಗೆ ಆರುತ್ತಿರುವಾಗ ಇಲ್ಲಿ ಠಾಣೆಯ ಬೆಂಚಿನ ಮೇಲೆ ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿ ಸಾಕಮ್ಮ. ಮಗಳು ಸೀತಾ ದೊಡ್ಡವಳು, ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಮಗ ಅನಿಲ್ ವಿಮೆ ಕಚೇರಿಯಲ್ಲಿ ಗುಮಾಸ್ತ, ಸೊಸೆ ಭಾವನಾ. ಇದೇ ಆಗಸ್ಟ್ 2ನೇ ತಾರೀಕು ಸೊಸೆಗೆ ಹೆಣ್ಣುಮಗು ಹುಟ್ಟಿತು. ಹನ್ನೆರಡನೇ ದಿನ, ಅಂದರೆ ಇಂದು 13ನೇ ತಾರೀಕು ಭಾನುವಾರ, ಬೆಳಿಗ್ಗೆ ಹತ್ತೂಕಾಲರಿಂದ ಹನ್ನೊಂದೂಕಾಲರ ಒಳಗೆ ಹೆಸರಿಡಬೇಕೆಂದು ಪುರೋಹಿತರು ಗೊತ್ತು ಮಾಡಿದರು.

ನನ್ನ ಹೆಂಡತಿಯ ತವರು ಹರಿಹರದ ಕಡೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಆ ಕಡೆಯ ಪದ್ಧತಿಯೇ ನಡೆಯುತ್ತದೆ. ಅದರ ಪ್ರಕಾರ ಮಗುವಿಗೆ ಹೆಸರು ಆರಿಸುವವಳು ಸೋದರತ್ತೆ, ಅಂದರೆ ಮಗುವಿನ ಅಪ್ಪನ ಅಕ್ಕ ಅಥವಾ ತಂಗಿ. ಯಾವ ಹೆಸರೆಂದು ಮೊದಲೇ ಯಾರಿಗೂ ಹೇಳುವಂತಿಲ್ಲ. ಮಗುವಿನ ಮುಖ ನೋಡಿ, ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಬಗ್ಗಿದವಳ ಬೆನ್ನಿಗೆ ಗುದ್ದಬೇಕು. ಏಕೆ ಎಂದು ಈ ಠಾಣೆಯ ಇನ್‌ಸ್ಪೆಕ್ಟರ್ ಅವರು ಕೇಳಿದರು. ನಾನೂ ಒಂದು ಕಾಲಕ್ಕೆ ನನ್ನ ಅತ್ತೆಯನ್ನು ಕೇಳಿದ್ದೆ. ಗುದ್ದು ಬೀಳದಿದ್ದರೆ ಹೆಸರು ಅಂಟುವುದಿಲ್ಲ ಎಂದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಸೀತಾಗೆ ರಜೆ ಸಿಗಲಿಲ್ಲ. ಅದು ಗೊತ್ತಾದ ಮೇಲೆ ಸೊಸೆಯ ದೊಡ್ಡಮ್ಮ ಶಾರದಮ್ಮನವರು, ರಜೆ ಸಿಗದಿದ್ದದ್ದೇ ಒಳ್ಳೆಯದಾಯಿತು, ಗಂಡನಿಲ್ಲದವಳ ಬಾಯಲ್ಲಿ ಮೊದಲ ಹೆಸರು ಕೇಳಿಸುವುದು ಮಗುವಿಗೆ ಶ್ರೇಯಸ್ಸಲ್ಲ, ಬೇಕಿದ್ದರೆ ಆ ಶಾಸ್ತ್ರ ತಾನೇ ಮಾಡುತ್ತೇನೆ ಎಂದರು. ರಾಜರಾಜೇಶ್ವರಿ ಎಂದು ಹೆಸರನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದರು. ಆ ಮಾತಿಗೆ ನಾನು ಬೈದೆ. ಬೈದದ್ದನ್ನು ಬರೆಯಲಾಗುವುದಿಲ್ಲ ಎಂದು ಮುನಿರತ್ನಂ ಹೇಳುತ್ತಿರುವುದರಿಂದ ಬರೆಸಿಲ್ಲ.

ಸೀತಾಳಿಗೆ ಈ ಮಾತು ಹೇಗೋ ಮುಟ್ಟಿತು. ಫೋನ್ ಮಾಡಿ, "ಅಪ್ಪ, ಶಾರದಮ್ಮೋರೇ ಹೇಳ್ಲಿ ಬುಡಿ, ನಂಗೇನೂ ಬೇಜಾರಿಲ್ಲ" ಎಂದಳು. ಅವಳಿಗೆ ಐದು ವರ್ಷವಿದ್ದಾಗ ಅವಳ ಪಾಲಿನ ಬೆಲ್ಲವನ್ನು ತಮ್ಮನಿಗೆ ಕೊಟ್ಟಾಗಲೂ ಇದೇ ದನಿಯಲ್ಲಿ ಬೇಜಾರಿಲ್ಲ ಎಂದಿದ್ದಳು. ನಾನು ಫೋನಿನಲ್ಲಿ, "ಮುಚ್ಚು ಬಾಯಿ. ಹೆಸರು ಯೋಚ್ನೆ ಮಾಡಿ ಇಟ್ಕೊ" ಎಂದು ಹೇಳಿ ಇಟ್ಟೆ. ಇವತ್ತು ಅವಳನ್ನು ಬಿಟ್ಟರೆ ಮುಂದೆ ಯಾವ ಶುಭಕಾರ್ಯದಲ್ಲೂ ಅವಳು ಬಾಗಿಲ ಆಚೆಯೇ ನಿಲ್ಲಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ನಮ್ಮ ಸಂದಿನಿಂದ ಇನ್ನೂರು ಮೀಟರ್ ದೂರದಲ್ಲಿ ಎಳಿಲರಸಿ ಎಂಬ ಹೆಣ್ಣುಮಗಳು ಬ್ರೌಸಿಂಗ್ ಸೆಂಟರ್ ನಡೆಸುತ್ತಾಳೆ. ಒಳ್ಳೆಯ ಹುಡುಗಿ, ನನ್ನನ್ನು ತಾತಾ ಎನ್ನುತ್ತಾಳೆ. ಅವಳು, ಕಂಪ್ಯೂಟರಿಗೆ ಕ್ಯಾಮೆರಾ ಇದೆ, ಅಕ್ಕ ಅಲ್ಲಿಂದ ಮಗುವನ್ನು ನೋಡಬಹುದು, ಹೆಡ್‌ಫೋನಿನಲ್ಲಿ ಕಿವಿಗೇ ಹೇಳಬಹುದು ಎಂದಳು. ಭಾನುವಾರ ಹತ್ತರಿಂದ ಹನ್ನೊಂದೂವರೆಯವರೆಗೆ ಅಂಗಡಿ ನಮಗೇ ಎಂದು ಮಾತಾಯಿತು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡರೆ ಸಾಕು ಎಂದು ಅವಳು ಹೇಳಿದಳು. ತೊಟ್ಟಿಲಿಲ್ಲದೆ ಹೆಸರಿಡುವುದು ಹೇಗೆ? ತೊಟ್ಟಿಲೂ ಬರುತ್ತದೆ ಎಂದು ನಾನು ಹೇಳಿದೆ.

ಇಂದು ಬೆಳಿಗ್ಗೆ ಹತ್ತಕ್ಕೆ ಮನೆಯಿಂದ ಹೊರಟೆವು. ಮುಂದೆ ವಾಲಗದವರು. ಇದು ತಮಿಳರಿಗೆ ಆಡಿ ಮಾಸ, ಅವರು ಯಾವ ಶುಭಕಾರ್ಯವನ್ನೂ ಮಾಡುವುದಿಲ್ಲ. ನಮಗೆ ಶ್ರಾವಣ. ತಿಂಗಳಿಂದ ಕೆಲಸವಿಲ್ಲದೆ ಕೂತಿದ್ದ ವಾಲಗದವರು ಇಬ್ಬರನ್ನು ಕರೆದರೆ ಆರು ಜನ ಬಂದರು. ಹಿಂದೆ ತೊಟ್ಟಿಲು. ಅದನ್ನು ಬಿದಿರ ಗಳಕ್ಕೆ ನೇತುಹಾಕಿ ನಾಲ್ಕು ಜನ ಹೊತ್ತಿದ್ದರು. ಬಿಸಿಲು ತಾಗಬಾರದೆಂದು ಮೇಲೆ ಸಾಕಮ್ಮನ ಹಳದಿ ಸೀರೆ ಮುಚ್ಚಿತ್ತು, ಸುತ್ತ ಸೇವಂತಿಗೆ ಹಾರ. ಒಳಗೆ ಮಗು. ಅದರ ಹಿಂದೆ ಆಟೋದಲ್ಲಿ ಬಾಣಂತಿ, ನಡೆದುಕೊಂಡು ಹನ್ನೊಂದು ಜನ ಹೆಂಗಸರು.

ಹತ್ತೂಕಾಲಕ್ಕೆ ಅಂಗಡಿ ಮುಟ್ಟಿದೆವು. ಬಾಗಿಲಿಗೆ ಪೊಲೀಸರ ಬೀಗ. ಗಾಜಿನ ಮೇಲೆ ಒಂದು ಕಾಗದ ಅಂಟಿಸಿತ್ತು. ಎಳಿಲರಸಿ ಹೊರಗೆ ಸ್ಟೂಲಿನ ಮೇಲೆ ಅಳುಮೋರೆ ಮಾಡಿಕೊಂಡು ಕೂತಿದ್ದಳು. ಇಬ್ಬರು ಕಾನ್‌ಸ್ಟೇಬಲ್‌ಗಳೂ ಈ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಅಮ್ಮನವರೂ ಇದ್ದರು. ಕಾಗದದಲ್ಲಿ ಏನಿದೆ ಎಂದು ಎಳಿಲರಸಿ ಓದಿ ಹೇಳಿದಳು. ಯಾವುದೋ ಕಚೇರಿಗೆ ಬೆದರಿಕೆಯ ಇ-ಮೇಲ್ ಬಂದಿದೆ, ಈ ಭಾಗದ ಒಂದು ಸೆಂಟರಿನಿಂದ ಹೋಗಿರಬಹುದು, ಸ್ವಾತಂತ್ರ್ಯ ದಿನಕ್ಕೆ ಎರಡೇ ದಿನ ಇದೆ, ಆದ್ದರಿಂದ ತುರ್ತು ಅಧಿಕಾರ ಬಳಸಿ ಎಲ್ಲ ಸೆಂಟರುಗಳನ್ನೂ ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ ಎಂದು.

ನಾವು ಹತ್ತಿರ ಬರುತ್ತಿದ್ದಂತೆ ಕಾನ್‌ಸ್ಟೇಬಲ್‌ಗಳು ಲಾಠಿ ಅಡ್ಡ ಹಿಡಿದರು. ಸೆಂಟರ್ ಮುಚ್ಚಿಸಿದ್ದನ್ನು ವಿರೋಧಿಸಿ ಯಾವುದೋ ಪಕ್ಷದವರು ಅಣಕು ಚಟ್ಟ ಹೊತ್ತು ಮೆರವಣಿಗೆ ಬಂದಿದ್ದಾರೆಂದು ಅವರು ತಿಳಿದರಂತೆ. ಈ ಊರಿನಲ್ಲಿ ಅಂಥದ್ದು ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. ನಾಮಕರಣ ಎಂದು ಅನಿಲ್ ಹೇಳಿದರೂ ನಂಬಲಿಲ್ಲ. ಎಸ್.ಐ. ಅಮ್ಮನವರು ನನ್ನ ಕಡೆ ತಿರುಗಿ, "ಎನ್ನ ಪೆರಿಯವರೇ, ಆಡಿ ಮಾಸತ್ತಿಲೆ ಮೇಳಮಾ?" ಎಂದು ಕೇಳಿದರು. ಆಡಿಯಲ್ಲಿ ಯಾರು ವಾಲಗ ಊದಿಸುತ್ತಾರೆ, ಸುಳ್ಳು ಹೇಳುವುದಕ್ಕೂ ಒಂದು ಲೆಕ್ಕ ಬೇಡವೇ ಎಂದು ಅದರ ಅರ್ಥ.

ನಾನು ಸೀರೆಯ ತುದಿ ಎತ್ತಿ ಮಗುವನ್ನು ತೋರಿಸಿ, ಚಟ್ಟದ ಮೇಲಿನ ಹೆಣ ಹೀಗೆ ಕಾಲು ಒದೆಯುತ್ತದೆಯೇ ಎಂದು ಕೇಳಿದೆ. ಸಾಕಮ್ಮ ನನ್ನ ತೋಳಿಗೆ ತಿವಿದು, "ಒಳ್ಳೆ ದಿನ ಹೆಣ ಅಂತೀರಲ್ಲ, ನಿಮ್ಮ ಬಾಯಿಗಿಷ್ಟು ಬೂದಿ ಬೀಳ!" ಎಂದಳು. ಕಾನ್‌ಸ್ಟೇಬಲ್ ಒಬ್ಬರು ನಕ್ಕರು. ಎಸ್.ಐ. ಅಮ್ಮನವರು ನಗಲಿಲ್ಲ, ಆದರೆ ಲಾಠಿ ಇಳಿಸಲು ಹೇಳಿದರು. ಎಳಿಲರಸಿ ವಿಷಯ ತಿಳಿಸಿದಾಗ, ಹೊರದೇಶದಲ್ಲಿರುವ ಮಗಳು ಹೆಸರು ಹೇಳಬೇಕಾದರೆ ಫೋನ್ ಸಾಲದೇ ಎಂದು ಕೇಳಿದರು. ಮುಖ ನೋಡದೆ ಹೆಸರಿಡಲು ಇದೇನು ರೈಲು ಬೋಗಿಯೇ, ಬೋಗಿಗಾದರೂ ನಾವು ಎದುರು ನಿಂತೇ ನಂಬರ್ ಬರೆಸುತ್ತಿದ್ದೆವು ಎಂದು ನಾನು ಹೇಳಿದೆ.

ಆದೇಶ ಮೇಲಿನಿಂದ ಬಂದದ್ದು, ಪರಿಸ್ಥಿತಿ ತುರ್ತು, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಅವರು ಹೇಳಿದರು. ಆಗ ನನಗೆ ಸಿಟ್ಟು ಬಂದದ್ದು ನಿಜ. ರಸ್ತೆಯಲ್ಲಿ ನಿಂತು ಜೋರಾಗಿ ಹೇಳಿದ್ದೂ ನಿಜ. ಹೇಳಿದ್ದು ಇಷ್ಟು: "ಯಾವನೋ ಒಬ್ಬ ಕಳ್ಳ ಕಾಗದ ಹಾಕ್ದ ಅಂತ ಊರಿನ ಅಂಚೆಡಬ್ಬಕ್ಕೆಲ್ಲ ಬೀಗ ಹಾಕ್ತೀರೇನಮ್ಮ? ಎಪ್ಪತ್ತನಾಲ್ಕರಲ್ಲಿ ರೈಲ್ವೆ ಸ್ಟ್ರೈಕ್‌ನಲ್ಲಿ ನನ್ನ ಒಳಗಾಕ್ದಾಗ್ಲೂ ತುರ್ತು ಅಂದ್ರು. ಮಾರನೇ ವರ್ಷ ದೇಶಕ್ಕೆ ದೇಶವೇ ಬಾಯಿ ಮುಚ್ಕೊ ಅಂದಾಗ್ಲೂ ತುರ್ತು ಅಂದ್ರು. ತುರ್ತು ಅನ್ನೋರು ಯಾರೂ ಅದು ಯಾವತ್ತು ಮುಗೀತದೆ ಅಂತ ಹೇಳಲ್ಲ. ನನ್ನ ತುರ್ತು ಹನ್ನೊಂದೂಕಾಲಕ್ಕೆ ಮುಗೀತದೆ!" ಇದನ್ನು ತಮಿಳಿನಲ್ಲಿ ಹೇಳಿದೆ, ಸಿಟ್ಟಿನಲ್ಲಿ ಅರ್ಧ ಕನ್ನಡವೂ ಸೇರಿತು. ಎದುರಿನ ಪಾತ್ರೆ ಅಂಗಡಿಯವರು ಚಪ್ಪಾಳೆ ತಟ್ಟಿದರು. ವಾಲಗದವರು ಅದನ್ನು ಸೂಚನೆ ಎಂದು ತಿಳಿದು ಮತ್ತೆ ಊದಿದರು. ನಾನು ಹೇಳಿದ್ದಲ್ಲ.

ಅಷ್ಟರಲ್ಲಿ ಹತ್ತೂ ನಲವತ್ತಾಗಿತ್ತು. ಶಾರದಮ್ಮನವರು ಮುಂದೆ ಬಂದು, "ಸರ್ಕಾರವೇ ಬಾಗಿಲು ಹಾಕಿದ ಮೇಲೆ ನಾವ್ಯಾರು, ಬೀಗರೇ? ದೇವರಿಗೂ ಅವಳ ಬಾಯಲ್ಲಿ ಹೇಳಿಸೋದು ಇಷ್ಟ ಇಲ್ಲ. ನಾನೇ ಹೇಳಿಬಿಡ್ತೀನಿ, ಇಲ್ಲೇ ಇಳಿಸಿ ತೊಟ್ಟಿಲು" ಎಂದರು. ತೊಟ್ಟಿಲು ಹೊತ್ತವರು ಬಿಸಿಲಿನಲ್ಲಿ ನಿಂತು ಸಾಕಾಗಿದ್ದರು, ಇಳಿಸಲು ಹೊರಟರು. ಇಳಿಸಿದರೆ ಕೈ ಮುರಿಯುತ್ತೇನೆ ಎಂದು ನಾನು ಹೇಳಿದೆ. ಅನಿಲ್ ನನ್ನ ಕಿವಿಯಲ್ಲಿ, "ಅಪ್ಪಾ, ವಿಡುಂಗ ಅಪ್ಪಾ, ಪೊಲೀಸ್ ಕೇಸ್ ಆಗುತ್ತೆ" ಎಂದ. ನಾನು ಬಿಡಲಿಲ್ಲ.

ಎಸ್.ಐ. ಅಮ್ಮನವರು ಸಾಕಮ್ಮನನ್ನು ಪಕ್ಕಕ್ಕೆ ಕರೆದು, ಈ ಹೆಂಗಸು ಏನನ್ನುತ್ತಿದ್ದಾರೆ, ಜಗಳ ಏಕೆ ಎಂದು ಕೇಳಿದರು. ಸಾಕಮ್ಮ ಎರಡು ಮಾತು ಹೇಳಿರಬಹುದು, ಅಷ್ಟೇ. ಎಸ್.ಐ. ಅಮ್ಮನವರು ತೊಟ್ಟಿಲ ಹತ್ತಿರ ಬಂದು ಮಗುವನ್ನು ನೋಡಿದರು. ಆಮೇಲೆ ಯಾರನ್ನೂ ನೋಡದೆ, "ಎನಕ್ಕು ಪೇರ್ ವೆಚ್ಚದು ಎಂಗ ಅತ್ತೈ ತಾನ್" ಎಂದರು. ತನಗೂ ಹೆಸರಿಟ್ಟದ್ದು ಸೋದರತ್ತೆಯೇ ಎಂದು.

ನಂತರ ಅವರು ಗಾಜಿನ ಮೇಲಿನ ಕಾಗದವನ್ನು ತಾವೇ ಪೂರ್ತಿ ಓದಿದರು. ಕೊನೆಯಲ್ಲಿ, ತಪಾಸಣೆಗಾಗಿ ಅಧಿಕಾರಿಯ ಸಮಕ್ಷಮ ಸೆಂಟರನ್ನು ತೆರೆಯಬಹುದು ಎಂದು ಇತ್ತು. ಎಳಿಲರಸಿಯನ್ನು ಕರೆದು, ಒಂದು ಮೆಷಿನ್ ತಪಾಸಣೆ ಮಾಡಬೇಕು, ನಡೆಸಿ ತೋರಿಸು ಎಂದರು. ಹತ್ತೂ ಐವತ್ತೆರಡಕ್ಕೆ ತಮ್ಮ ಕೈಯಾರೆ ಬೀಗ ತೆಗೆದರು. ಬೀಗವನ್ನು ನಾನು ಒಡೆದೆ ಎಂದು ಪೊಲೀಸರ ವರದಿಯಲ್ಲಿ ಇದೆಯಂತೆ. ನಾನು ಕಮ್ಮಾರ. ಒಡೆಯಬೇಕೆಂದಿದ್ದರೆ ಹತ್ತೂಕಾಲಕ್ಕೇ ಒಡೆಯುತ್ತಿದ್ದೆ.

ಒಳಗೆ ಮತ್ತೊಂದು ತೊಡಕಾಯಿತು. ಕಂಪ್ಯೂಟರ್ ಬಳಸುವವರ ಹೆಸರನ್ನು ಅಂಗಡಿಯ ಪುಸ್ತಕದಲ್ಲಿ ಬರೆಯಲೇಬೇಕೆಂದು ನಿಯಮ. ಕಾನ್‌ಸ್ಟೇಬಲ್ ಒಬ್ಬರು ಪೆನ್ನು ಹಿಡಿದು, ಬಳಸುವವರು ಯಾರು ಎಂದರು. ಮಗು ಎಂದೆವು. ಹೆಸರು ಎಂದರು. "ಹೆಸರಿದ್ದಿದ್ರೆ ಇಲ್ಲಿಗ್ಯಾಕಪ್ಪ ಬರ್ತಿದ್ದೋ?" ಎಂದೆ. ಹೆಸರಿಲ್ಲದೆ ಕಂಪ್ಯೂಟರ್ ಕೊಡುವಂತಿಲ್ಲ ಎಂದು ಅವರು, ಕಂಪ್ಯೂಟರ್ ಕೊಡದೆ ಹೆಸರಿಲ್ಲ ಎಂದು ನಾನು. ಹೀಗೆ ನಾಲ್ಕು ನಿಮಿಷ ಹಾಳಾಯಿತು. ಕೊನೆಗೆ ಎಸ್.ಐ. ಅಮ್ಮನವರು ಜಾಗ ಖಾಲಿ ಬಿಡಲು ಹೇಳಿದರು.

ಹನ್ನೊಂದಕ್ಕೆ ಎಳಿಲರಸಿ ಮಸ್ಕತ್ತಿಗೆ ಸಂಪರ್ಕ ಮಾಡಿದಳು. ಚಿತ್ರ ಚೂರು ಚೂರಾಗಿ ಬಂತು. ಮೊದಲು ಒಂದು ಕಿವಿ, ಆಮೇಲೆ ಬಿಳಿ ಕಾಲರು, ಆಮೇಲೆ ನನ್ನ ಮಗಳು. ರಾತ್ರಿ ಪಾಳಿ ಮುಗಿಸಿ ಬಟ್ಟೆಯನ್ನೂ ಬದಲಿಸದೆ ಒಂದು ಗಂಟೆ ಹೊತ್ತಿನಿಂದ ಅಲ್ಲಿ ಕಾದು ಕೂತಿದ್ದಳಂತೆ. ನಾವು ಬರುವುದಿಲ್ಲ ಎಂದುಕೊಂಡಿದ್ದಳಂತೆ. "ಅಪ್ಪ, ಯಾಕೆ ಲೇಟು?" ಎಂದು ಕೇಳಿದಳು. ಟ್ರಾಫಿಕ್ ಎಂದೆ. ಹಿಂದೆ ನಿಂತ ಪೊಲೀಸರನ್ನು ನೋಡಿ ಅವಳು ನಂಬಲಿಲ್ಲ.

ಹೆಸರು ಹೇಳುವ ಮುಂಚೆ ಸೋದರತ್ತೆಗೆ ಕುಂಕುಮ ಇಡಬೇಕು. ಗಂಡನಿಲ್ಲದವಳಿಗೆ ಇಡುವುದೆಂತು ಎಂದು ಬಟ್ಟಲು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿತು. ಸಾಕಮ್ಮ ಯಾರನ್ನೂ ಕೇಳದೆ ಬಟ್ಟಲಿಗೆ ಬೆರಳು ಅದ್ದಿ, ಕಂಪ್ಯೂಟರಿನ ಗಾಜಿನ ಮೇಲೆ ಮಗಳ ಹಣೆ ಇದ್ದ ಕಡೆ ಬೊಟ್ಟಿಟ್ಟಳು. ಇಡುವಷ್ಟರಲ್ಲಿ ಸೀತಾ ಅಲುಗಿದಳು. ಬೊಟ್ಟು ಮೂಗಿನ ಮೇಲೆ ಬಂತು. ಅಲ್ಲಿ ಅವಳಿಗೆ ಏನೂ ಕಾಣದು. ಅಮ್ಮ ಏನು ಮಾಡುತ್ತಿದ್ದಾಳೆ ಎಂದು ಕೇಳಿದಳು. ಆಗ ಶಾರದಮ್ಮನವರ ಬಾಯಿಂದಲೇ, "ಅಯ್ಯೋ, ಮೂಗಿನ ಮೇಲೆ ಬಂತು ಕಣೇ, ತಲೆ ಬಗ್ಗಿಸೇ ಸ್ವಲ್ಪ... ಅಷ್ಟಲ್ಲ, ಎಡಕ್ಕೆ" ಎಂದು ಹೊರಟಿತು. ಸೀತಾಳಿಗೆ ಅರ್ಥವಾಯಿತು. ಅವಳು ತಲೆಯನ್ನು ಸರಿಸಿ ಸರಿಸಿ ತನ್ನ ಹಣೆಯನ್ನು ಆ ಬೊಟ್ಟಿನ ಕೆಳಗೆ ತಂದುಕೊಂಡು, ಸರಿ ಹೋಯಿತಾ ಎಂದು ಕೇಳಿದಳು. ಸರಿಹೋಗಿತ್ತು. ಆಮೇಲೆ ಅವಳು ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಆ ಗಾಜು ಒರೆಸುವ ಖರ್ಚು ಏನಾದರೂ ಇದ್ದರೆ ನಾನು ಕೊಡುತ್ತೇನೆ.

ತೊಟ್ಟಿಲು ಎರಡು ಮೇಜುಗಳ ನಡುವೆ ಹಿಡಿಸಲಿಲ್ಲ. ಹೆಡ್‌ಫೋನಿನ ದಾರ ಗಿಡ್ಡ. ಯಾರಾದರೂ ಬಗ್ಗಿ ಅದನ್ನು ಮಗುವಿನ ಕಿವಿಗೆ ಹಿಡಿಯಬೇಕಿತ್ತು. ತಪಾಸಣೆಯ ಸಾಮಾನನ್ನು ಬೇರೆ ಯಾರೂ ಮುಟ್ಟಬಾರದೆಂದು ಎಸ್.ಐ. ಅಮ್ಮನವರು ಟೋಪಿ ತೆಗೆದಿಟ್ಟು ತಾವೇ ಬಗ್ಗಿದರು. ಸುತ್ತ ಹೆಂಗಸರು ಒತ್ತಿ ನಿಂತರು. ಹನ್ನೊಂದು ಗಂಟೆ ಒಂಬತ್ತು ನಿಮಿಷಕ್ಕೆ ಸೀತಾ ತುಟಿ ಅಲ್ಲಾಡಿಸಿದಳು. ಮೂರು ಸಲ. ಅಷ್ಟು ಹೊತ್ತು ಕಿರುಚುತ್ತಿದ್ದ ಮಗು ಬಾಯಿ ತೆರೆದುಕೊಂಡು ಕೇಳಿತು.

ಅಷ್ಟೇ. ಬಗ್ಗಿದ್ದ ಬೆನ್ನು ಕಂಡಿತು, ಹೆಂಗಸರು ಗುದ್ದಿದರು. ಖಾಕಿ ಬಣ್ಣ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ, ಎಷ್ಟೋ ವರ್ಷದ ಅಭ್ಯಾಸ. ಮೊದಲ ಗುದ್ದು ಶಾರದಮ್ಮನವರದು, ಗಟ್ಟಿಯಾಗಿಯೇ ಬಿತ್ತು. ಎಸ್.ಐ. ಅಮ್ಮನವರು "ಅಮ್ಮಾ!" ಎಂದದ್ದನ್ನು ನಾನು ಕೇಳಿದ್ದೇನೆ. ಬಾಗಿಲ ಹೊರಗಿದ್ದ ಕಾನ್‌ಸ್ಟೇಬಲ್ ಗಾಜಿನಲ್ಲಿ ಇದನ್ನು ಕಂಡು ವೈರ್‌ಲೆಸ್ಸಿನಲ್ಲಿ ಕೂಗಿದರು. ಅವರನ್ನು ನಾನು ದೂರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಹಾಗೆಯೇ ಕಾಣುತ್ತದೆ.

ಒಳಗೆ ಎಲ್ಲರೂ ಏನು ಹೆಸರು, ಏನು ಹೆಸರು ಎಂದು ಕೂಗುತ್ತಿದ್ದರು. ಎಳಿಲರಸಿ ಹೆಡ್‌ಫೋನ್ ಕಿತ್ತು ಸ್ಪೀಕರ್ ಹಾಕಿದಳು. 'ಮೌನ' ಎಂದು ಸೀತಾ ಹೇಳಿದಳು. ಅದೇ ಕ್ಷಣಕ್ಕೆ ಮಗು ರಸ್ತೆಯ ತುದಿಗೆ ಕೇಳುವಂತೆ ಅರಚಿತು. ಇದು ಯಾವ ಸೀಮೆ ಹೆಸರೇ ಎಂದು ನಾನು ಕೇಳಿದೆ. "ರಾತ್ರಿಯೆಲ್ಲ ವಾರ್ಡಲ್ಲಿ ಗಂಟೆ ಬಡ್ಕೊಳ್ಳೋದು ಕೇಳಿ ಕೇಳಿ ಸಾಕಾಗೋಯ್ತು ಅಪ್ಪ. ನಂಗೆ ಇದಕ್ಕಿಂತ ಚೆಂದದ್ದು ಹೊಳೀಲಿಲ್ಲ" ಎಂದಳು. ನನಗೆ ಆ ಹೆಸರು ಈಗಲೂ ಹಿಡಿಸಿಲ್ಲ. ಆದರೆ ಹೆಸರಿಡುವ ಹಕ್ಕು ಅವಳದು, ಹಿಡಿಸಬೇಕೆಂದು ನಿಯಮವಿಲ್ಲ. ಎಸ್.ಐ. ಅಮ್ಮನವರು ಬೆನ್ನು ಉಜ್ಜಿಕೊಳ್ಳುತ್ತಾ ಖಾಲಿ ಬಿಟ್ಟ ಜಾಗದಲ್ಲಿ ಹೆಸರು ಬರೆಸಿದರು. ಅವರು ನಗುತ್ತಿದ್ದರು.

ಆಗ ಎರಡು ಜೀಪು ಬಂದವು. ಇನ್‌ಸ್ಪೆಕ್ಟರ್ ಅವರು ಯಾರ ಮಾತೂ ಕೇಳದೆ, ಎಲ್ಲರೂ ಠಾಣೆಗೆ ನಡೆಯಿರಿ ಎಂದರು. ಬಂದೆವು. ತೊಟ್ಟಿಲು ಸಾಕ್ಷ್ಯವೆಂದು ಅದನ್ನೂ ತಂದರು. ವಾಲಗದವರನ್ನು ಯಾರೂ ನಿಲ್ಲಿಸು ಎನ್ನದ ಕಾರಣ ಅವರು ಜೀಪಿನಲ್ಲೂ ಊದಿಕೊಂಡು ಬಂದರು. ಠಾಣೆಯಲ್ಲಿ ಹೊಡೆದವರು ಯಾರು ಎಂದು ಕೇಳಿದಾಗ ಹನ್ನೊಂದು ಹೆಂಗಸರೂ ನಾನು ನಾನು ಎಂದು ಕೈ ಎತ್ತಿದರು. ಶಾರದಮ್ಮನವರು, "ಮೊದಲ್ನೇದು ನಂದು, ಬರ್ಕೊಳ್ಳಿ" ಎಂದರು. ಎಸ್.ಐ. ಅಮ್ಮನವರು ತಮ್ಮದು ಯಾವ ದೂರೂ ಇಲ್ಲವೆಂದು ಹೇಳಿದರು. ಆದರೂ ವೈರ್‌ಲೆಸ್ ವರದಿ ಮೇಲಕ್ಕೆ ಹೋಗಿರುವುದರಿಂದ ಹೇಳಿಕೆ ಬೇಕೆಂದು ಇನ್‌ಸ್ಪೆಕ್ಟರ್ ಕೇಳಿದರು.

ಆ ವರದಿಯನ್ನು ಮುನಿರತ್ನಂ ನನಗೆ ಓದಿ ಹೇಳಿದರು. ಹೊರದೇಶದ ಅಪರಿಚಿತ ಮಹಿಳೆಯೊಬ್ಬಳು ಕಂಪ್ಯೂಟರ್ ಮೂಲಕ ಗುಪ್ತವಾಗಿ ಸೂಚನೆ ಕೊಟ್ಟಳೆಂದೂ, ಕೂಡಲೇ ಗುಂಪು ಅಧಿಕಾರಿಯ ಮೇಲೆ ಬಿದ್ದಿತೆಂದೂ ಇದೆ. ಗುಂಪು ಎನ್ನಲಿ, ಗಲಭೆ ಎನ್ನಲಿ, ನನ್ನ ಮೇಲೆ ಬೇಕಾದ್ದು ಬರೆಯಲಿ, ನನಗೆ ಚಿಂತೆಯಿಲ್ಲ. ಅಂಗಡಿ ತೆರೆದದ್ದರಲ್ಲಿ ಎಳಿಲರಸಿಯ ತಪ್ಪಿಲ್ಲ, ಬೇಗ ಅವಳ ಬೀಗ ತೆಗೆಯಬೇಕು. ಎಸ್.ಐ. ಅಮ್ಮನವರ ತಪ್ಪೂ ಇಲ್ಲ. ತೊಟ್ಟಿಲು ವಾಪಸು ಬೇಕು, ಅದಿಲ್ಲದೆ ಮಗು ಮಲಗುವುದಿಲ್ಲ. ಅಪರಿಚಿತ ಮಹಿಳೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದನ್ನು ಹೊಡೆದುಹಾಕಿ ಹೀಗೆ ಬರೆಯತಕ್ಕದ್ದು: ಹೆಸರಿಟ್ಟವಳು ಮಗುವಿನ ಸೋದರತ್ತೆ ಸೀತಾ, ನನ್ನ ಮಗಳು. ಗುದ್ದು ಬಿದ್ದಿದೆ, ಹೆಸರು ಅಂಟಿದೆ.

ಇಷ್ಟೂ ನನ್ನ ಕಣ್ಣೆದುರು ನಡೆದದ್ದು. ಓದಿಸಿ ಕೇಳಿದ್ದೇನೆ. ಕೂಡಿಸಿದ್ದು ಏನೂ ಇಲ್ಲ, ಬೈಗುಳ ಮಾತ್ರ ಕಳೆದಿದೆ.

ಸ್ಥಳ: ಪುರಸೈವಾಕ್ಕಂ, ಚೆನ್ನೈ
ದಿನಾಂಕ: 13-8-2006, ಮಧ್ಯಾಹ್ನ 1.40

(ಸಹಿ) ತಮ್ಮಯ್ಯ

ಬರೆದುಕೊಂಡವರು: ಮುನಿರತ್ನಂ, ಹೆಡ್ ಕಾನ್‌ಸ್ಟೇಬಲ್

ಹೆಸರಿಟ್ಟವಳು ಸೀತಾ ಎಂಬುದಕ್ಕೆ ಸಾಕ್ಷಿ, ತಾನಾಗಿ ಪೆನ್ನು ಕೇಳಿ ಪಡೆದು ಹಾಕಿದ ಸಹಿ: ಶಾರದಮ್ಮ